ಪಾಲಿಯೆಸ್ಟರ್ ಡೈಯಿಂಗ್: ಲೆವೆಲಿಂಗ್ ಏಜೆಂಟ್ ಹೆಚ್ಚಿಸಿದರೆ ಚುಕ್ಕೆ ಏಕೆ?

ಪ್ರಶ್ನೆ: ಡಿಸ್ಪರ್ಸ್ ನೇವಿ (ನೀರಲ್ಲಿ ಕರಗದೆ ಸಣ್ಣ ಕಣಗಳಾಗಿ ಹರಡುವ ಗಾಢ ನೀಲಿ ಡೈ), 130 ಡಿಗ್ರಿ, 45 ನಿಮಿಷ. ಲೆವೆಲಿಂಗ್ ಏಜೆಂಟ್ (ಬಣ್ಣ ಸಮನಾಗಿ ಹಿಡಿಯಲೆಂದು ಹಾಕುವ ಕೆಮಿಕಲ್) ಹೆಚ್ಚಿಸಿದಷ್ಟೂ ಚುಕ್ಕೆ ಜಾಸ್ತಿ, ಬಣ್ಣವೂ ತೆಳು. ಏನು ಕಾರಣ?

ಉತ್ತರ 1: ನಿಮ್ಮ ಏಜೆಂಟ್ ಬಹುಶಃ ನಾನ್‌ಅಯಾನಿಕ್ (ವಿದ್ಯುದಾವೇಶ ಇಲ್ಲದ) ಜಾತಿಯದು. ಅದರ ಕ್ಲೌಡ್ ಪಾಯಿಂಟ್ (ದ್ರಾವಣ ಕದಡಿದಂತಾಗುವ ತಾಪಮಾನ) 130ಕ್ಕಿಂತ ಕೆಳಗಿದ್ದರೆ ಬಿಸಿಯಲ್ಲಿ ನೀರಿನಿಂದ ಬೇರ್ಪಟ್ಟು, ಡೈ ಕಣಗಳನ್ನು ಗಂಟು ಕಟ್ಟಿಸಿ ಬಟ್ಟೆಯ ಮೇಲೆ ಕೂರಿಸುತ್ತದೆ. ಅತಿಯಾದರೆ ಡೈಯನ್ನು ನೀರಲ್ಲೇ ಹಿಡಿದಿಡುತ್ತದೆ, ಬಣ್ಣ ತೆಳುವಾಗುವುದು ಅದಕ್ಕೇ. ಲೀಟರಿಗೆ 1 ಗ್ರಾಂ ಆನಯಾನಿಕ್ (ಋಣ ಆವೇಶದ) ಡಿಸ್ಪರ್ಸಿಂಗ್ ಏಜೆಂಟ್, ಅಂದರೆ ಡೈ ಕಣಗಳನ್ನು ಬಿಡಿಬಿಡಿಯಾಗಿಡುವ ಕೆಮಿಕಲ್, ಹಾಕಿ ಸ್ಯಾಂಪಲ್ ತೆಗೆಯಿರಿ.

ಉತ್ತರ 2: ಪಿಎಚ್ ನೋಡಿದಿರಾ? ಅಸಿಟಿಕ್ ಆ್ಯಸಿಡ್ ಹಾಕಿ 4.5–5.5ರಲ್ಲಿಡಿ. ಸ್ಕೌರಿಂಗ್‌ನ (ಡೈಯಿಂಗ್‌ಗೆ ಮುಂಚಿನ ತೊಳೆತದ) ಕಾಸ್ಟಿಕ್ ಸೋಡಾ ಬಟ್ಟೆಯಲ್ಲಿ ಉಳಿದಿದ್ದರೆ ಕೆಲವು ಡೈ ಒಡೆದು ಶೇಡೇ ಬದಲಾಗುತ್ತದೆ. 85ರಿಂದ 130ರವರೆಗೆ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ. ಇಲ್ಲಿ ಅವಸರ ಮಾಡಿದರೆ ಯಾವ ಕೆಮಿಕಲ್ಲೂ ಕಾಪಾಡದು.

ಉತ್ತರ 3: ಕೊನೆಗೆ ರಿಡಕ್ಷನ್ ಕ್ಲಿಯರಿಂಗ್ (ಬಟ್ಟೆಯ ಮೇಲ್ಮೈಯಲ್ಲಿ ಉಳಿದ ಡೈ ತೆಗೆಯುವ ತೊಳೆತ) ಬಿಡಬೇಡಿ: ಕಾಸ್ಟಿಕ್, ಹೈಡ್ರೋ (ಸೋಡಿಯಂ ಹೈಡ್ರೋಸಲ್ಫೈಟ್) ತಲಾ ಲೀಟರಿಗೆ 2 ಗ್ರಾಂ, 80 ಡಿಗ್ರಿ, 20 ನಿಮಿಷ. ಇಲ್ಲದಿದ್ದರೆ ಗಾಢ ನೇವಿ ಉಜ್ಜಿದರೆ ಬಿಡುತ್ತದೆ.