ಸರ್ಕಾರಿ ಶಾಲೆಯ ಸರಾಸರಿ ಅಂಕ ಇಳಿದರೆ ಪಾಠ ಕೆಟ್ಟಿದೆ ಎಂದೇ ತಿಳಿಯಬೇಕೇ?

ಪ್ರಶ್ನೆ (ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ, ಆನೇಕಲ್ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಕೆಲವು ವರ್ಷಗಳ ಹಿಂದಿನವರೆಗೂ ಬರುತ್ತಿದ್ದವರು ಬಹುತೇಕ ಊರಿನ ಮಕ್ಕಳೇ. ಈಗ ಊರಿನ ಅನುಕೂಲಸ್ಥರು ಮಕ್ಕಳನ್ನು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ; ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿಗೂ ಕಟ್ಟಡ ಕೆಲಸಕ್ಕೂ ಬಂದಿರುವ ಯಾದಗಿರಿ, ರಾಯಚೂರು ಕಡೆಯವರ, ಹಾಗೆಯೇ ಬಿಹಾರ, ಒಡಿಶಾದವರ ಮಕ್ಕಳು ನಮ್ಮಲ್ಲಿ ಸೇರುತ್ತಿದ್ದಾರೆ. ಒಟ್ಟು ದಾಖಲಾತಿ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೂ ಐದನೇ ತರಗತಿಯ ಸಂಕಲನಾತ್ಮಕ ಮೌಲ್ಯಮಾಪನದ (ಅವಧಿಯ ಕೊನೆಯ ಪರೀಕ್ಷೆಯ) ಸರಾಸರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಸಭೆಯಲ್ಲಿ ಕೆಲವರು ಮೇಷ್ಟ್ರುಗಳು ಪಾಠ ಮಾಡುತ್ತಿಲ್ಲ ಎನ್ನುತ್ತಾರೆ. ಇನ್ನು ಕೆಲವರು ಹೊರಗಿನ ಮಕ್ಕಳಿಂದ ಶಾಲೆಯ ಮಟ್ಟ ಕುಸಿಯಿತು ಎನ್ನುತ್ತಾರೆ. ಈ ಎರಡನೆಯ ಮಾತನ್ನು ಆ ಮಕ್ಕಳ ತಾಯಂದಿರ ಎದುರಿಗೇ ಆಡಿದ್ದು ನನಗೆ ಬಹಳ ನೋವು ತಂದಿದೆ. ಅಂಕಪಟ್ಟಿಯನ್ನು ಹೇಗೆ ಓದಿದರೆ ನಿಜ ತಿಳಿಯುತ್ತದೆ?

ಉತ್ತರ 1 (ನಿವೃತ್ತ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ನೀಡುವ ಸಮೂಹ ಸಂಪನ್ಮೂಲ ವ್ಯಕ್ತಿ)

ಮೇಡಂ, ಒಂದು ಕಾಲ್ಪನಿಕ ಲೆಕ್ಕದಿಂದ ಆರಂಭಿಸುತ್ತೇನೆ. ತರಗತಿಯಲ್ಲಿ 40 ಮಕ್ಕಳಿದ್ದಾರೆ ಎನ್ನೋಣ. ಒಂದನೇ ತರಗತಿಯಿಂದ ಇಲ್ಲಿಯೇ ಓದಿದ 30 ಮಕ್ಕಳ ಸರಾಸರಿ 70, ನಡುವೆ ಬಂದು ಸೇರಿದ 10 ಮಕ್ಕಳ ಸರಾಸರಿ 40 ಆದರೆ ತರಗತಿಯ ಸರಾಸರಿ 62.5 ಬರುತ್ತದೆ. ಕೆಲವು ವರ್ಷಗಳ ನಂತರ ಇಲ್ಲಿಯೇ ಓದಿದವರು 15 ಜನ, ಸರಾಸರಿ 72. ನಡುವೆ ಬಂದವರು 25 ಜನ, ಸರಾಸರಿ 44. ಎರಡೂ ಗುಂಪಿನವರು ಮೊದಲಿಗಿಂತ ಚೆನ್ನಾಗಿ ಕಲಿತಿದ್ದಾರೆ, ಆದರೂ ತರಗತಿಯ ಸರಾಸರಿ 54.5ಕ್ಕೆ ಇಳಿಯುತ್ತದೆ. ನಿಮ್ಮ ಶಾಲೆಯಲ್ಲಿಯೂ ಹೀಗೆಯೇ ಆಗಿದೆ ಎಂದು ನಾನು ಹೇಳಲಾರೆ. ಆದರೆ ಬರೀ ಸರಾಸರಿ ಹಿಡಿದು ಶಿಕ್ಷಕರನ್ನು ದೂರುವುದು ನ್ಯಾಯವಲ್ಲ.

ಮುಖ್ಯ ಶಿಕ್ಷಕರ ಬಳಿ ಪ್ರತಿ ಮಗು ಶಾಲೆಗೆ ಸೇರಿದ ದಿನಾಂಕ, ಹಾಜರಾತಿ, ಹಿಂದಿನ ಮೌಲ್ಯಮಾಪನದ ಫಲಿತಾಂಶ ಇದ್ದೇ ಇರುತ್ತವೆ. ಒಂದೇ ಮಗು ನಾಲ್ಕನೇ ತರಗತಿಯಲ್ಲಿ ಎಲ್ಲಿತ್ತು, ಐದರಲ್ಲಿ ಎಲ್ಲಿಗೆ ಬಂತು ಎಂಬುದನ್ನು ನೋಡಿ. ನಿಮ್ಮ ಶಾಲೆ ಬಿಟ್ಟು ಖಾಸಗಿ ಶಾಲೆಗೆ ಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮನೆಯಲ್ಲಿ ಓದಿಸುವವರಿದ್ದ ಮಕ್ಕಳು ಮೊದಲು ಹೊರಟರೆ, ಉಳಿದವರು ಅಷ್ಟೇ ಕಲಿತರೂ ಪಟ್ಟಿ ಕೆಳಗಿಳಿದಂತೆ ಕಾಣುತ್ತದೆ.

ಉತ್ತರ 2 (ನಲಿ-ಕಲಿ ಶಿಕ್ಷಕಿ, ಬೆಂಗಳೂರು ಗ್ರಾಮಾಂತರ)

ಮೇಲಿನ ಸರ್ ಹೇಳಿದ್ದು ಸರಿ. ಆದರೆ ನಡುವೆ ಬಂದ ಮಕ್ಕಳೆಲ್ಲ ಒಂದೇ ಗುಂಪಲ್ಲ ಎಂಬುದನ್ನು ಸೇರಿಸಲೇಬೇಕು. ಯಾದಗಿರಿಯ ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಕನ್ನಡವನ್ನು ಕಿವಿಯಲ್ಲಿ ಕೇಳಿ ಬಲ್ಲದು. ಬಿಹಾರದ ಮಗುವಿಗೆ ಕನ್ನಡದ ಅಕ್ಷರವೂ ಹೊಸದು, ಮಾತೂ ಹೊಸದು. ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗಿ, ಅದೇ ಲೆಕ್ಕವನ್ನು ನಾಲ್ಕು ಸಾಲಿನ ಕನ್ನಡದಲ್ಲಿ ಬರೆದು ಕೊಟ್ಟರೆ ಕೈಬಿಡುತ್ತಾಳೆ. ಅಂಕಪಟ್ಟಿ ಅದನ್ನು ಗಣಿತದ ದೌರ್ಬಲ್ಯವೆಂದೇ ತೋರಿಸುತ್ತದೆ.

ಕುಸಿತ ನಾಲ್ಕು, ಐದರಲ್ಲಿಯೇ ಕಾಣುವುದಕ್ಕೂ ಕಾರಣವಿದೆ ಎಂದು ನನ್ನ ಅನಿಸಿಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಕಲಿಕಾ ಏಣಿಯ (ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕೆಯ ಹಂತಗಳ) ಮೇಲೆ ತಮ್ಮ ತಮ್ಮ ವೇಗದಲ್ಲಿ ಸಾಗುತ್ತಾರೆ. ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋಗಿ ತಿಂಗಳು ಕಳೆದು ಬಂದ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಾಲ್ಕನೇ ತರಗತಿಯಲ್ಲಿ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಪಾಠ. ಅಲ್ಲಿ ಮಗು ತಪ್ಪಿಸಿಕೊಂಡ ದಿನಗಳನ್ನು ಯಾರೂ ಹಿಂದಿರುಗಿ ಕಲಿಸುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡಾಗ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು. ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು 5ನೇ ಸೆಕ್ಷನ್ ಹೇಳುತ್ತದೆ. ದಾಖಲಾತಿಯಂತೂ ನಡೆಯುತ್ತಿದೆ, ತರಬೇತಿ ಎಷ್ಟು ಮಕ್ಕಳಿಗೆ ದೊರೆತಿದೆ ಎಂದು ಸಮಿತಿಯವರು ದಯವಿಟ್ಟು ಕೇಳಿ.

ಉತ್ತರ 3 (ಶಿಕ್ಷಣ ಸಮೀಕ್ಷೆಗಳಲ್ಲಿ ಕೆಲಸ ಮಾಡಿದವನು)

ಇಬ್ಬರ ಮಾತಿಗೂ ನನ್ನ ಸಹಮತವಿದೆ, ಆದರೆ ಒಂದು ಆತಂಕವೂ ಇದೆ. ಮಕ್ಕಳ ಹಿನ್ನೆಲೆಯನ್ನು ವಿವರಿಸುತ್ತಾ ಹೋದಂತೆ, ಇಂಥ ಮನೆಯ ಮಕ್ಕಳು ಇಷ್ಟೇ ಕಲಿಯುವುದು ಎಂಬ ತೀರ್ಮಾನಕ್ಕೆ ಶಾಲೆ ಸದ್ದಿಲ್ಲದೆ ಬಂದುಬಿಡಬಹುದು. ಜಾತಿ ಮತ್ತು ಜಿಲ್ಲೆಯ ಹೆಸರು ಪಟ್ಟಿಯಲ್ಲಿ ಸುಲಭವಾಗಿ ಸಿಗುವುದರಿಂದ ಅವೇ ಕಾರಣಗಳಂತೆ ತೋರುತ್ತವೆ. ಅವುಗಳ ಹಿಂದಿರುವ ಸಂಗತಿಗಳನ್ನು ನೋಡಬೇಕು: ಮಗು ಎಷ್ಟು ದಿನ ತರಗತಿಯಲ್ಲಿ ಕುಳಿತಿತ್ತು, ಎಷ್ಟು ಶಾಲೆ ಬದಲಿಸಿತು, ಮನೆಯಲ್ಲಿ ಅಕ್ಷರ ಬಲ್ಲವರಿದ್ದಾರೆಯೇ, ಶಿಕ್ಷಕರ ಹುದ್ದೆಗಳು ಖಾಲಿ ಇವೆಯೇ. ಕೊನೆಯದು ಮಗುವಿನ ಹಿನ್ನೆಲೆಯಲ್ಲ, ಸರ್ಕಾರದ ಹೊಣೆ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರಿರಬೇಕೆಂದು ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ.

ರಾಜ್ಯದ ಸರಾಸರಿಯೊಂದಿಗೆ ನಿಮ್ಮ ಶಾಲೆಯನ್ನು ಹೋಲಿಸುವವರೂ ಬರುತ್ತಾರೆ. ಮಕ್ಕಳ ಓದು, ಲೆಕ್ಕದ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆ ಗ್ರಾಮೀಣ ಮನೆಗಳಿಗೆ ಹೋಗಿ, ಖಾಸಗಿ ಶಾಲೆಯ ಮಕ್ಕಳನ್ನೂ ಸೇರಿಸಿ ಪರೀಕ್ಷಿಸುತ್ತದೆ. 2021ರ ನವೆಂಬರ್‌ನಲ್ಲಿ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ ಶಾಲೆಗಳ ಮಾದರಿಯನ್ನು ಆಯ್ದುಕೊಂಡಿತ್ತು. ಒಂದೊಂದು ಶಾಲೆಗೆ ಅಂಕ ಕೊಡುವುದು ಇವೆರಡರ ಉದ್ದೇಶವೂ ಅಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಪೋಷಕರಿಗೆ ಮಕ್ಕಳ ಕಲಿಕೆಯನ್ನು ತೋರಿಸುವ ಮುಂದಿನ 'ಸಮುದಾಯದತ್ತ ಶಾಲೆ' ಸಭೆಯಲ್ಲಿ ಈ ಗುಂಪುವಾರು ಲೆಕ್ಕವನ್ನು ಗೋಡೆಗೆ ಅಂಟಿಸಬಹುದೇ?

ಉತ್ತರ 1 ಬರೆದವರು

ಬೇಡ ಮೇಡಂ. ಒಂದು ಗುಂಪಿನಲ್ಲಿ ಮೂರ್ನಾಲ್ಕು ಮಕ್ಕಳಷ್ಟೇ ಇದ್ದರೆ, ಹೆಸರು ಬರೆಯದಿದ್ದರೂ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಆ ಪಟ್ಟಿ ಶಿಕ್ಷಕರ ಮತ್ತು ಸಮಿತಿಯ ಕೈಯಲ್ಲಿರಲಿ. ಪೋಷಕರಿಗೆ ಅವರವರ ಮಗುವಿನ ಹಿಂದಿನ ಮತ್ತು ಈಗಿನ ಫಲಿತಾಂಶವನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿ. ಹಿಂದಿ ಬಲ್ಲವರೊಬ್ಬರನ್ನು ಆ ದಿನ ಜೊತೆಗೆ ಕೂರಿಸಿಕೊಳ್ಳಿ.