ಕಾಫಿ ಹಣ್ಣಿನ ತೂಕ ಬರೆಯಲು ಆಪ್ ಬೇಕು, ಕೋಡಿಂಗ್ ಬರುವುದಿಲ್ಲ. ಯಾವ ಟೂಲ್ ಹಿಡಿಯಲಿ?

ರೈಟರ್_ಆಲ್ದೂರು:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಹಾಜರಿ, ತೂಕ, ಬಟವಾಡೆ ಬರೆಯುವವನು. 12 ವರ್ಷದಿಂದ ಇದೇ ಕೆಲಸ. ಓದಿದ್ದು ಬಿಕಾಂ. ಎಕ್ಸೆಲ್ ಚೆನ್ನಾಗಿ ಬರುತ್ತದೆ, ಕೋಡಿಂಗ್ ಗಂಧವೂ ಇಲ್ಲ.

ಈಗ ಅರೇಬಿಕಾ ಕೊಯ್ಲು ಜೋರು. ದಿನಕ್ಕೆ ಎರಡು ತೂಕ, ಮಧ್ಯಾಹ್ನ ಒಂದು, ಸಂಜೆ ಒಂದು. ಒಟ್ಟು 40 ಜನ. ಸಂಜೆ ತೂಕ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪೆನ್ನು, ಪುಸ್ತಕದ ಮೇಲೆಲ್ಲ ಹಣ್ಣಿನ ಅಂಟು. ಮೇಸ್ತ್ರಿ ಮೂವತ್ತೊಂದು ಅಂತ ಕೂಗಿದ್ದು ನನಗೆ ಇಪ್ಪತ್ತೊಂದು ಅಂತ ಕೇಳಿಸಿದರೆ ಶನಿವಾರ ಬಟವಾಡೆ ದಿನ ಜಗಳ. ಇಷ್ಟಾದ ಮೇಲೆ ರಾತ್ರಿ ಊಟ ಮಾಡಿ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಹಾಕಬೇಕು. ಒಂದೇ ಲೆಕ್ಕ ಎರಡು ಸಲ.

ಯೂಟ್ಯೂಬಿನಲ್ಲಿ 'ಹತ್ತೇ ನಿಮಿಷದಲ್ಲಿ ಆಪ್' ಅನ್ನುವ ವಿಡಿಯೋ ನಾಲ್ಕು ನೋಡಿದೆ. ಒಬ್ಬರು ಆಪ್ ಇನ್ವೆಂಟರ್ ಅಂತಾರೆ, ಒಬ್ಬರು ಆಪ್‌ಶೀಟ್, ಇನ್ನೊಬ್ಬರು ಗ್ಲೈಡ್, ಮತ್ತೊಬ್ಬರು ಫ್ಲಟರ್‌ಫ್ಲೋ. ಎಲ್ಲರೂ ಒಂದು ಬಟನ್ ಎಳೆದು ತಂದು ಪರದೆ ಮೇಲೆ ಬಿಡುತ್ತಾರೆ, ಬಣ್ಣ ಬದಲಾಯಿಸುತ್ತಾರೆ, ವಿಡಿಯೋ ಮುಗಿಯುತ್ತದೆ. ಆ ಬಟನ್ ಒತ್ತಿದ ಮೇಲೆ ಏನಾಗಬೇಕು ಅನ್ನುವ ಹೊತ್ತಿಗೆ ಸಬ್‌ಸ್ಕ್ರೈಬ್ ಮಾಡಿ ಅಂತಾರೆ.

ನನ್ನ ಕಷ್ಟ ಇಷ್ಟು. ತೋಟದೊಳಗೆ ನೆಟ್‌ವರ್ಕ್ ಇಲ್ಲ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಹೌಸ್ ಹಿಂದಿನ ದಿಬ್ಬ ಹತ್ತಿದರೆ ಒಂದೆರಡು ಕಡ್ಡಿ ಬರುತ್ತದೆ. ಫೋನು ಹಳೆಯ ಆಂಡ್ರಾಯ್ಡ್. ಬಳಸುವವನು ನಾನೊಬ್ಬನೇ. ಹೆಸರುಗಳು ಕನ್ನಡದಲ್ಲೇ ಕಾಣಬೇಕು. ದುಡ್ಡಿನ ವಿಷಯಕ್ಕೆ ಸಾಹುಕಾರರು 'ನೋಡೋಣ' ಅಂದಿದ್ದಾರೆ. ಅದರ ಅರ್ಥ ನಿಮಗೂ ಗೊತ್ತಲ್ವಾ.

ಹಾಸನದ_ಮೇಷ್ಟ್ರು:

ನಾನು ಡಿಪ್ಲೊಮಾ ಹುಡುಗರಿಗೆ ಇದನ್ನೇ ಕಲಿಸುವವನು. ನಿಮಗೆ ಎರಡೇ ದಾರಿ.

ಎಕ್ಸೆಲ್ ಬರುವುದರಿಂದ ಮೊದಲು ಆಪ್‌ಶೀಟ್ ನೋಡಿ. 2020ರಲ್ಲಿ ಗೂಗಲ್ ಕೊಂಡುಕೊಂಡಿತು. ನೀವು ಒಂದು ಗೂಗಲ್ ಶೀಟ್ ಕೊಟ್ಟರೆ ಅದರ ಕಾಲಂ ನೋಡಿ ತಾನೇ ಫಾರಂ ಕಟ್ಟಿಕೊಡುತ್ತದೆ. ನೆಟ್ ಇಲ್ಲದಾಗ ತುಂಬಿದ್ದನ್ನು ಫೋನಿನಲ್ಲೇ ಇಟ್ಟುಕೊಂಡಿದ್ದು, ದಿಬ್ಬ ಹತ್ತಿದಾಗ ಶೀಟಿಗೆ ಕಳಿಸುತ್ತದೆ. ಗ್ಲೈಡ್ ನೋಡಲು ಚೆಂದ, ಆದರೆ ನೆಟ್ ಇಲ್ಲದ ಜಾಗಕ್ಕೆ ನಾನಂತೂ ಹೇಳುವುದಿಲ್ಲ.

ಎರಡನೆಯದು ಆಪ್ ಇನ್ವೆಂಟರ್. 2010ರಲ್ಲಿ ಗೂಗಲ್‌ನಲ್ಲಿ ಶುರುವಾಗಿದ್ದು, ಆಮೇಲೆ ಅಮೆರಿಕದ ಎಂಐಟಿಗೆ ಹೋಯಿತು. ಪೂರ್ತಿ ಪುಕ್ಕಟೆ. ಕೊಡುಲಾರ್, ಥಂಕಬಲ್ ಎಲ್ಲ ಇದೇ ಬಳ್ಳಿಯ ಕುಡಿಗಳು. ಇದರಲ್ಲಿ ಎರಡು ಮುಖ. ಒಂದು ಡಿಸೈನರ್, ಅಲ್ಲಿ ಬಟನ್, ಲೇಬಲ್ ಎಳೆದು ಬಿಡುತ್ತೀರಿ. ಇನ್ನೊಂದು ಬ್ಲಾಕ್ಸ್, ಅಲ್ಲಿ 'ಈ ಬಟನ್ ಒತ್ತಿದಾಗ ಇದನ್ನು ಮಾಡು' ಅನ್ನುವ ತುಂಡುಗಳನ್ನು ಜಿಗ್ಸಾ ಥರ ಕೂಡಿಸುತ್ತೀರಿ. ನೀವು ನೋಡಿದ ವಿಡಿಯೋದವರು ಮೊದಲ ಮುಖಕ್ಕೇ ನಿಲ್ಲಿಸಿದ್ದಾರೆ.

ಟೂಲ್ ಆರಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ತೂಕದ ಪುಸ್ತಕದ ಒಂದು ಪುಟ ಮುಂದೆ ಇಟ್ಟುಕೊಂಡು ಅದರಲ್ಲಿರುವ ಪ್ರತಿ ಗುರುತಿನ ಅರ್ಥ ಇಲ್ಲಿ ಬರೆಯಿರಿ. ಅಂಕಿ ಬಿಡಿ, ಗುರುತು ಮಾತ್ರ.

ರೈಟರ್_ಆಲ್ದೂರು:

ಮೇಷ್ಟ್ರೇ, ಸುಮ್ಮನೆ ಕೇಳಿದ್ದೀರಿ ಅಂದುಕೊಂಡೆ. ಬರೆಯಲು ಕೂತರೆ ನನಗೇ ಆಶ್ಚರ್ಯ.

ಹೆಸರಿನ ಪಕ್ಕ ಚುಕ್ಕೆ ಇದ್ದರೆ ಹಸಿರು ಕಾಯಿ ಜಾಸ್ತಿ ಕಿತ್ತಿದ್ದಾರೆ ಅಂತ. ಮೂರು ಚುಕ್ಕೆಯಾದರೆ ಮೇಸ್ತ್ರಿ ಹೋಗಿ ಬೈಯುತ್ತಾನೆ. ಅಂಕಿಗೆ ಸುತ್ತು ಹಾಕಿದ್ದರೆ ಅದು ತೂಕವಲ್ಲ, ಮುಂಗಡ. ಎರಡು ಹೆಸರು ಸೇರಿಸಿ ಬಿಲ್ಲಿನಂಥ ಗೆರೆ ಎಳೆದಿದ್ದರೆ ಗಂಡ ಹೆಂಡತಿ ಜೋಡಿ. ಅವರದು ಒಂದೇ ರಾಶಿ, ತೂಕ ಅರ್ಧ ಅರ್ಧ. ಪ್ರತಿ ಚೀಲಕ್ಕೆ ಅರ್ಧ ಕೆಜಿ ಕಳೆಯಬೇಕು. ಅದನ್ನು ನಾನು ಬರೆಯುವುದೇ ಇಲ್ಲ, ಮನಸ್ಸಿನಲ್ಲೇ ಕಳೆದು ಹಾಕುತ್ತೇನೆ. ಲಕ್ಷ್ಮಿ ಅನ್ನುವವರು ಮೂವರಿದ್ದಾರೆ. ಮೇಲಿನ ಲೈನು (ಆಳುಗಳ ಮನೆ ಸಾಲು), ಕೆಳಗಿನ ಲೈನು, ಮತ್ತೊಬ್ಬರು ಊರಿನಿಂದ ಬರುವವರು. ಪುಸ್ತಕದಲ್ಲಿ ಮೂವರಿಗೂ ಬರೀ 'ಲಕ್ಷ್ಮಿ' ಅಂತ ಇದೆ. ಸಾಲಿನ ಜಾಗ ನೋಡಿ ಗುರುತು ಹಿಡಿಯುತ್ತೇನೆ.

ನಾನು ರಜೆ ಹಾಕಿದ ದಿನ ಬೇರೆಯವರು ಬರೆದರೆ ಯಾಕೆ ಎಡವಟ್ಟಾಗುತ್ತೆ ಅಂತ ಈಗ ಗೊತ್ತಾಯಿತು.

ಸಕಲೇಶಪುರ_ಟು_ಬೆಂಗಳೂರು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಾನು ದಿನಾ ಆಪ್ ಬರೆದು ಹೊಟ್ಟೆ ಹೊರೆಯುವವನು. ಎಳೆದು ಬಿಡುವ ಟೂಲುಗಳು ಮೊದಲ ವಾರ ಸ್ವರ್ಗ, ಮೂರನೇ ತಿಂಗಳು ನರಕ. ಬ್ಲಾಕ್ ಜಾಸ್ತಿಯಾದ ಹಾಗೆ ಪರದೆ ಒಳ್ಳೇ ಮೀನಿನ ಬಲೆ ಆಗುತ್ತದೆ. ಆರು ತಿಂಗಳು ಕೂತು, ಕೋಡ್ ಬರೆದೇ ಆಪ್ ಕಟ್ಟುವ ಫ್ಲಟರ್ ಕಲಿಯಿರಿ. ಅಷ್ಟು ಆಗದಿದ್ದರೆ ಫ್ಲಟರ್‌ಫ್ಲೋ. ಅದು ಒಳಗೆ ನಿಜವಾದ ಫ್ಲಟರ್ ಕೋಡನ್ನೇ ಬರೆಯುತ್ತದೆ. ಆದರೆ ಆ ಕೋಡ್ ಹೊರಗೆ ಇಳಿಸಿಕೊಳ್ಳಲು ದುಡ್ಡು ಕೊಡಬೇಕು.

ಪ್ಲೇ ಸ್ಟೋರಿಗೆ ಹಾಕುವ ಆಸೆ ಇದ್ದರೆ ಈಗಲೇ ಬಿಡಿ. ಒಂದು ಸಲಕ್ಕೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಸತತ 14 ದಿನ ಟೆಸ್ಟ್ ಮಾಡಿರಬೇಕು. ಒಬ್ಬರೇ ಬಳಸುವುದಕ್ಕೆ ಎಪಿಕೆ ಫೈಲ್, ಅಂದರೆ ಫೋನಿಗೆ ನೇರವಾಗಿ ಇನ್‌ಸ್ಟಾಲ್ ಮಾಡುವ ಫೈಲ್, ಸಾಕು.

ರೈಟರ್_ಆಲ್ದೂರು:

ಸರ್, ಆರು ತಿಂಗಳಲ್ಲಿ ಕೊಯ್ಲು ಮುಗಿದು, ಹೂಮಳೆ ಬಂದು, ಮುಂಗಾರೂ ಶುರುವಾಗಿರುತ್ತದೆ. ನನಗೆ ಬೇಕಾಗಿರುವುದು ಮುಂದಿನ ಸೋಮವಾರಕ್ಕೆ.

ಮೇಷ್ಟ್ರೇ, ಆಪ್‌ಶೀಟ್ ಎರಡು ದಿನ ನೋಡಿದೆ. ಫಾರಂ ತಾನೇ ಬಂತು, ಖುಷಿಯಾಯಿತು. ಆದರೆ ನಾನು ಕಟ್ಟಿಕೊಂಡ ರೀತಿಯಲ್ಲಿ ಒಬ್ಬೊಬ್ಬರಿಗೂ ಫಾರಂ ತೆಗೆ, ಹೆಸರು ಹುಡುಕು, ತೂಕ ಹಾಕು, ಸೇವ್ ಒತ್ತು. 40 ಜನ ಚೀಲ ಹೊತ್ತು ಸಾಲಿನಲ್ಲಿ ನಿಂತಿರುವಾಗ ಅದು ಆಗುವ ಮಾತಲ್ಲ. ನನಗೆ ದೊಡ್ಡ ದೊಡ್ಡ ಹೆಸರಿನ ಬಟನ್ ಬೇಕು. ಒತ್ತಬೇಕು, ಅಂಕಿ ಹಾಕಬೇಕು, ಮುಂದಿನವರು.

ಅದಕ್ಕೆ ಆಪ್ ಇನ್ವೆಂಟರ್ ಹಿಡಿದೆ. ಕೈ ಪಳಗಲಿ ಅಂತ ಮೊದಲು ಮಳೆ ಪುಸ್ತಕ ಮಾಡಿದೆ. ನಮ್ಮ ತೋಟಗಳಲ್ಲಿ ಮಳೆ ಇನ್ನೂ ಇಂಚು, ಸೆಂಟ್ಸ್ ಲೆಕ್ಕ. 100 ಸೆಂಟ್ಸಿಗೆ ಒಂದು ಇಂಚು. ಪೇಪರಿನಲ್ಲಿ ಬರುವುದು ಮಿಲಿಮೀಟರ್. ಒಂದು ಟೆಕ್ಸ್ಟ್‌ಬಾಕ್ಸ್, ಒಂದು ಬಟನ್, ಒಂದು ಲೇಬಲ್ ಎಳೆದು ಬಿಟ್ಟು, 25.4ರಿಂದ ಗುಣಿಸುವ ಬ್ಲಾಕ್ ಕೂಡಿಸಿದೆ. ಒಂದೇ ಸಂಜೆಯಲ್ಲಿ ಆಯಿತು! ಸಾಹುಕಾರರಿಗೆ ತೋರಿಸಿದೆ. 'ಮಳೆಗಾಲ ಮುಗಿದ ಮೇಲೆ ಮಾಡಿದ್ದೀಯಲ್ಲ' ಅಂದರು.

ಈಗ ತೂಕದ ಆಪ್ ಶುರು ಮಾಡಿದ್ದೇನೆ. ಎರಡು ತೊಂದರೆ. ಒಂದು, ಲ್ಯಾಪ್‌ಟಾಪಿನಲ್ಲಿ ಸೇವ್ ಬಟನ್ ಚೆನ್ನಾಗಿ ಕೆಳಗೆ ಕೂತಿದೆ, ಫೋನಿನಲ್ಲಿ ಕೀಬೋರ್ಡ್ ಎದ್ದ ತಕ್ಷಣ ಅದು ಮುಚ್ಚಿಹೋಗುತ್ತದೆ. ಎರಡು, ನನ್ನ ಫೋನಿನ ಕೀಬೋರ್ಡ್ ಕನ್ನಡದಲ್ಲಿದೆ. ತೂಕಕ್ಕೆ ಕನ್ನಡ ಅಂಕಿ ಒತ್ತಿಹೋದರೆ ಲೆಕ್ಕ ಕೆಟ್ಟು ಎರರ್ ಬರುತ್ತದೆ.

ಹಾಸನದ_ಮೇಷ್ಟ್ರು:

ಮೊದಲನೆಯದಕ್ಕೆ ಸ್ಕ್ರೀನ್ ಪ್ರಾಪರ್ಟಿಯಲ್ಲಿ 'ಸ್ಕ್ರೋಲಬಲ್' ಟಿಕ್ ಮಾಡಿ. ಅದಕ್ಕಿಂತ ಒಳ್ಳೆಯದು, ಸೇವ್ ಬಟನ್ ಅನ್ನು ಟೆಕ್ಸ್ಟ್‌ಬಾಕ್ಸಿನ ಪಕ್ಕಕ್ಕೇ ತನ್ನಿ. ಅಂಟು ಬೆರಳಿನಲ್ಲಿ ಯಾರು ಸ್ಕ್ರೋಲ್ ಮಾಡುತ್ತಾರೆ? ಎರಡನೆಯದಕ್ಕೆ ಟೆಕ್ಸ್ಟ್‌ಬಾಕ್ಸಿನಲ್ಲಿ 'ನಂಬರ್ಸ್ ಓನ್ಲಿ' ಟಿಕ್ ಮಾಡಿ. ಬರೀ ಅಂಕಿಯ ಕೀಪ್ಯಾಡ್ ಬರುತ್ತದೆ.

ತೂಕ ಉಳಿಸಿಡಲು ಟೈನಿಡಿಬಿ ಇದೆ. ಅದೂ ಎಳೆದು ಬಿಡುವ ಡಬ್ಬಿಯೇ, ಪರದೆ ಮೇಲೆ ಮಾತ್ರ ಕಾಣುವುದಿಲ್ಲ. ಪ್ರತಿಯೊಂದಕ್ಕೂ ಒಂದು ಟ್ಯಾಗ್ ಕೊಟ್ಟು ಇಡಬೇಕು. ಟ್ಯಾಗಿನಲ್ಲಿ ಹೆಸರು ಹಾಕಬೇಡಿ. ಹಾಕಿದರೆ ಮೂವರು ಲಕ್ಷ್ಮಿಯರಲ್ಲಿ ಕೊನೆಗೆ ತೂಗಿದವರದು ಮಾತ್ರ ಉಳಿಯುತ್ತದೆ. ಎಲ್ಲರಿಗೂ 1ರಿಂದ 40ರವರೆಗೆ ನಂಬರ್ ಕೊಡಿ. ತಾರೀಖು, ನಂಬರ್, ಎಷ್ಟನೇ ತೂಕ, ಮೂರನ್ನೂ ಸೇರಿಸಿ ಟ್ಯಾಗ್ ಮಾಡಿ.

ರೈಟರ್_ಆಲ್ದೂರು:

ಮೇಷ್ಟ್ರೇ, ಅನಾಹುತ ಆಯಿತು.

ಫೋನಿಗೆ ಆಪ್ ಇನ್ವೆಂಟರಿನ ಕಂಪ್ಯಾನಿಯನ್ ಆಪ್ (ಮಾಡುತ್ತಿರುವ ಆಪ್ ನಡೆಸಿ ನೋಡುವುದಕ್ಕೆ) ಹಾಕಿಕೊಂಡು, ಅದರಲ್ಲೇ ನನ್ನ ಆಪ್ ನಡೆಸಿ ಸೋಮವಾರದಿಂದ ಬುಧವಾರದವರೆಗಿನ ತೂಕ ಎಲ್ಲ ಹಾಕಿದೆ. ರಾತ್ರಿ ಆಲ್ದೂರಿಗೆ ಬಂದು ಮನೆಯಲ್ಲಿ ಕೂತು ಹಾಕಿದ್ದು. ಎಲ್ಲ ಸರಿಯಾಗಿ ಕಾಣುತ್ತಿತ್ತು. ಗುರುವಾರ ಬೆಳಿಗ್ಗೆ ಎಪಿಕೆ ಮಾಡಿ ಫೋನಿಗೆ ಇನ್‌ಸ್ಟಾಲ್ ಮಾಡಿದೆ. ತೆಗೆದು ನೋಡಿದರೆ ಖಾಲಿ. 40 ಹೆಸರಿನ ಮುಂದೆಯೂ ಸೊನ್ನೆ. ಹೊಟ್ಟೆ ತಣ್ಣಗಾಯಿತು. ಪುಸ್ತಕದಲ್ಲೂ ಬರೆದಿದ್ದೆ, ಅದರಿಂದ ಬಚಾವಾದೆ.

ಹಾಸನದ_ಮೇಷ್ಟ್ರು:

ಅಯ್ಯೋ, ಹೇಳುವುದು ಮರೆತೆ. ತಪ್ಪು ನನ್ನದು. ಕಂಪ್ಯಾನಿಯನ್‌ನಲ್ಲಿ ನಡೆಸುವಾಗ ಡೇಟಾ ಕೂರುವುದು ಕಂಪ್ಯಾನಿಯನ್ನಿನ ಹೊಟ್ಟೆಯಲ್ಲಿ. ಅಲ್ಲಿ ನಡೆಸುವ ಎಲ್ಲ ಆಪ್‌ಗೂ ಒಂದೇ ಟೈನಿಡಿಬಿ. ಎಪಿಕೆ ಆದ ಮೇಲೆ ಅದಕ್ಕೆ ಸ್ವಂತದ್ದು ಬೇರೆ. ನಮ್ಮ ಹುಡುಗರು ಪ್ರತಿ ವರ್ಷ ಇದರಲ್ಲಿ ಬೀಳುತ್ತಾರೆ.

ಅರಸೀಕೆರೆ_ತೆಂಗು:

ರೈಟರ್ ಸಾಹೇಬರೇ, ನಾನು ತೆಂಗಿನಕಾಯಿ ವ್ಯಾಪಾರದವನು. ಇದಕ್ಕಿಂತ ದೊಡ್ಡ ಹಳ್ಳಕ್ಕೆ ಬಿದ್ದು ಬಂದಿದ್ದೇನೆ, ನೀವು ಬೀಳಬೇಡಿ.

ಯಾವ ರೈತರಿಂದ ಎಷ್ಟು ಕಾಯಿ ಬಂತು, ಬಾಕಿ ಎಷ್ಟು, ಅಷ್ಟಕ್ಕೆ ಆಪ್ ಇನ್ವೆಂಟರಿನಲ್ಲಿ ಒಂದು ಆಪ್ ಮಾಡಿಕೊಂಡಿದ್ದೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಒಂದು ಸಣ್ಣ ಬದಲಾವಣೆ ಬೇಕಾಗಿ, ಅಕ್ಕನ ಮಗನಿಗೆ ಪ್ರಾಜೆಕ್ಟ್ ಫೈಲ್ ಕಳಿಸಿದೆ. ಅವನು ತನ್ನ ಖಾತೆಯಲ್ಲಿ ತಿದ್ದಿ ಹೊಸ ಎಪಿಕೆ ಕಳಿಸಿದ. ನನ್ನ ಫೋನು ಹಳೆಯದರ ಮೇಲೆ ಇನ್‌ಸ್ಟಾಲ್ ಮಾಡಲು ಒಪ್ಪಲಿಲ್ಲ. ಯಾಕಂದರೆ ಪ್ರತಿ ಖಾತೆಗೂ ಒಂದು ಕೀಸ್ಟೋರ್ ಇರುತ್ತದಂತೆ, ಅದು ಆಪ್‌ಗೆ ಹಾಕುವ ಮೊಹರು. ಮೊಹರು ಬೇರೆಯಾದರೆ ಫೋನು ಇದು ಬೇರೆಯವರ ಆಪ್ ಅಂದುಕೊಳ್ಳುತ್ತದೆ. ನಮ್ಮ ಹುಡುಗ 'ಹಳೇದು ಅನ್‌ಇನ್‌ಸ್ಟಾಲ್ ಮಾಡು ಮಾವ' ಅಂದ. ಮಾಡಿದೆ. ಎಂಟು ತಿಂಗಳ ಬಾಕಿ ಲೆಕ್ಕ ಅದರ ಜೊತೆಗೇ ಹೋಯಿತು. ನನಗೆ ಕೊಡಬೇಕಾದವರು ಒಬ್ಬರೂ ನೆನಪಿಸಲಿಲ್ಲ, ನನ್ನಿಂದ ದುಡ್ಡು ಬರಬೇಕಾದವರು ಎಲ್ಲರೂ ಬಂದರು.

ಈಗ ದಿನಾ ರಾತ್ರಿ ಒಂದು ಬಟನ್ ಒತ್ತುತ್ತೇನೆ. ಶೇರಿಂಗ್ ಅನ್ನುವ ಕಾಂಪೊನೆಂಟ್ ಇದೆ, ಆ ದಿನದ ಲೆಕ್ಕ ವಾಟ್ಸಾಪಿಗೆ ಮೆಸೇಜಾಗಿ ಹೋಗುತ್ತದೆ. ಹೆಂಡತಿ ಫೋನಿನಲ್ಲಿ ಇರುತ್ತದೆ. ಅಲ್ಲಿಂದ ಯಾವುದೂ ಅಳಿಯುವುದಿಲ್ಲ.

ರೈಟರ್_ಆಲ್ದೂರು:

ಶೇರಿಂಗ್ ಹಾಕಿದೆ. ದಿಬ್ಬ ಹತ್ತಿ ಸಾಹುಕಾರರಿಗೆ ಕಳಿಸುತ್ತೇನೆ. ಕೀಸ್ಟೋರ್ ಕೂಡ ಇಳಿಸಿ ಪೆನ್‌ಡ್ರೈವಿಗೆ ಹಾಕಿಟ್ಟೆ. ತುಂಬಾ ಉಪಕಾರ.

ಮೊದಲ ಬಟವಾಡೆ ಆಯಿತು. ರಾತ್ರಿ ಎಕ್ಸೆಲ್ ಕೆಲಸ ಪೂರ್ತಿ ತಪ್ಪಿದೆ. ಆದರೆ ಒಂದು ವಿಚಿತ್ರ ನೋಡಿ. ನಮ್ಮಲ್ಲಿ ಕೆಜಿಗೆ 5 ರೂಪಾಯಿ. ಒಂದು ಜೋಡಿ ಬುಧವಾರ ಕಿತ್ತಿದ್ದು 113 ಕೆಜಿ. ಅಂದರೆ 565 ರೂಪಾಯಿ. ಆಪ್ ತಲಾ 282 ತೋರಿಸಿತು, ಒಟ್ಟು 564. ಆಯಮ್ಮ ಓದಿದ್ದು ಮೂರನೇ ಕ್ಲಾಸು. ಬಾಯಲ್ಲೇ ಲೆಕ್ಕ ಹಾಕಿ 'ನಮ್ಮ ಒಂದು ರೂಪಾಯಿ ಎಲ್ಲಿ?' ಅಂದರು. ಪಕ್ಕದ ಜೋಡಿ 115 ಕೆಜಿ. 575 ಬರಬೇಕು. ಆಪ್ ತಲಾ 288, ಒಟ್ಟು 576 ಕೊಟ್ಟಿದೆ. ಅವರು ಸುಮ್ಮನಿದ್ದರು. ಪೈಸೆ ಬೇಡ ಅಂತ 'ರೌಂಡ್' ಬ್ಲಾಕ್ ಹಾಕಿದ್ದೆ. ಒಂದು ಕಡೆ 50 ಪೈಸೆ ಇಳಿಸಿ ಇನ್ನೊಂದು ಕಡೆ ಏರಿಸುತ್ತದೆ ಯಾಕೆ?

ಸಕಲೇಶಪುರ_ಟು_ಬೆಂಗಳೂರು:

ಇದು ಬಗ್ ಅಲ್ಲ. ಆ ರೌಂಡ್ ಬ್ಲಾಕ್ ಸರಿಯಾಗಿ ಅರ್ಧಕ್ಕೆ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 282.5 ಇದ್ದರೆ 282. 287.5 ಇದ್ದರೆ 288. ಸ್ಕೂಲಿನಲ್ಲಿ ಅರ್ಧ ಬಂದರೆ ಮೇಲಕ್ಕೆ ಅಂತ ಕಲಿತಿರುತ್ತೇವೆ, ಅದಕ್ಕೇ ಗೊಂದಲ. ಯಾವಾಗಲೂ ಮೇಲಕ್ಕೇ ಹೋಗಬೇಕಾದರೆ 'ಸೀಲಿಂಗ್' ಬ್ಲಾಕ್ ಇದೆ.

ಮೂರನೇ ಕ್ಲಾಸಿನ ಆಯಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಆಫೀಸಿನ ಟೆಸ್ಟರುಗಳಿಗೆ ಇದು ಸಿಕ್ಕುತ್ತಿತ್ತೋ ಇಲ್ಲವೋ.

ರೈಟರ್_ಆಲ್ದೂರು:

ಸೀಲಿಂಗ್ ಹಾಕಿದೆ. ಈಗ 113 ಕೆಜಿ ಜೋಡಿಗೆ 283, 283, ಒಟ್ಟು 566. ವಾಟ್ಸಾಪ್ ನೋಡಿ ಸಾಹುಕಾರರು ಫೋನ್ ಮಾಡಿದರು. 'ಈ ಒಂದು ರೂಪಾಯಿ ಯಾರದ್ದಯ್ಯಾ?'

ಸಕಲೇಶಪುರ_ಟು_ಬೆಂಗಳೂರು:

ಹಹ್ಹಾ. ದಿನಾ ರೌಂಡ್ ಮಾಡುವುದೇ ಬೇಡ. ತೂಕ ಹಾಗೇ ಅರ್ಧ, ಕಾಲು ಸಮೇತ ಇಟ್ಟುಕೊಳ್ಳಿ. ಶನಿವಾರ ಒಟ್ಟು ಕೂಡಿಸಿ, 5ರಿಂದ ಗುಣಿಸಿ, ಕೊನೆಗೆ ಒಂದೇ ಸಲ. ಜೋಡಿಗಳಿಗೆ ಇಬ್ಬರದೂ ಸೇರಿಸಿ ಮೊದಲು ಒಟ್ಟು ತೆಗೆಯಿರಿ, ಆಮೇಲೆ ಹಂಚಿ.

ರೈಟರ್_ಆಲ್ದೂರು:

ಹಾಗೇ ಮಾಡಿದೆ ಸರ್. ಈ ಶನಿವಾರ ಎಲ್ಲರದೂ ತಾಳೆ ಬಂತು. ಆಯಮ್ಮನಿಗೆ ಹಳೆಯ ಒಂದು ರೂಪಾಯಿ ಜೇಬಿನಿಂದ ಕೊಟ್ಟೆ. ತಗೊಂಡು, ಆಪ್ ತೋರಿಸಿದ ಈ ವಾರದ ಲೆಕ್ಕವನ್ನೂ ಇನ್ನೊಮ್ಮೆ ಬಾಯಲ್ಲೇ ಹಾಕಿ ನೋಡಿದರು.

ಇನ್ನೊಂದೇ ಒಂದು. ಹಸಿರು ಕಾಯಿಯ ಚುಕ್ಕೆಗೆ ಬಟನ್ ಇಟ್ಟಿದ್ದೇನೆ, ಆದರೆ ಕತ್ತಲಲ್ಲಿ ತೂಕದ ಬಟನ್ ಅಂತ ಅದನ್ನೇ ಒತ್ತಿಬಿಡುತ್ತೇನೆ. ಇವತ್ತು ಸುಮ್ಮಸುಮ್ಮನೆ ನಾಲ್ಕು ಜನರಿಗೆ ಬೈಗುಳ ಬಿತ್ತು. ಗಟ್ಟಿಯಾಗಿ ಒತ್ತಿ ಹಿಡಿದರೆ ಮಾತ್ರ ಚುಕ್ಕೆ ಬೀಳುವ ಹಾಗೆ ಮಾಡಬಹುದಾ?

ಹಾಸನದ_ಮೇಷ್ಟ್ರು:

ಆಗುತ್ತದೆ. ಬಟನ್ನಿನ ಬ್ಲಾಕುಗಳಲ್ಲಿ 'ಲಾಂಗ್ ಕ್ಲಿಕ್' ಅಂತ ಇದೆ, 'ಕ್ಲಿಕ್' ತೆಗೆದು ಅದನ್ನು ಹಾಕಿ. ಚುಕ್ಕೆಯ ಬಟನ್ ಹಸಿರು ಮಾಡಿ.