ಆರ್ಟ್ಸ್ ಓದುವವರು ಬಹುರಾಷ್ಟ್ರೀಯ ಕಂಪನಿಗಳ ಉದ್ಯೋಗ ಮೇಳಕ್ಕೆ ಹೋದರೆ ಉಪಯೋಗ ಇದೆಯಾ? ಹೋಗಿಬಂದವರು ಹೇಳಿ

ಕೇಳಿದವರು:
ನಾನು ಇತಿಹಾಸ ಓದುತ್ತಿದ್ದೇನೆ, ಕೊನೆಯ ವರ್ಷ. ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಉದ್ಯೋಗ ಮೇಳ ಇದೆ. ಬರುವವರ ಪಟ್ಟಿ ನೋಡಿದೆ. ಬ್ಯಾಂಕು, ಸಾಫ್ಟ್‌ವೇರ್, ಔಷಧ ಕಂಪನಿ, ಕನ್ಸಲ್ಟಿಂಗ್, ಇಷ್ಟೇ. "ಅದು ಎಂಜಿನಿಯರಿಂಗ್, ಕಾಮರ್ಸ್‌ನವರಿಗೆ. ನೀನು ಹೋಗಿ ಏನು ಮಾಡ್ತೀಯಾ?" ಅಂತ ಗೆಳತಿಯರು ಕೇಳುತ್ತಿದ್ದಾರೆ. ಹೋಗಬೇಕಾ? ಹೋದರೆ ಏನು ಮಾತಾಡಬೇಕು?

ಸಮಾಜಶಾಸ್ತ್ರ ಓದಿದವರು:
ಖಂಡಿತ ಹೋಗಿ. ಆದರೆ ನಾನು ಮೊದಲ ಸಲ ಹೋದ ಹಾಗೆ ಹೋಗಬೇಡಿ. ಇಪ್ಪತ್ತು ರೆಸ್ಯೂಮೆ ಹಿಡಿದುಕೊಂಡು ಒಂದೊಂದೇ ಸ್ಟಾಲ್‌ಗೆ ಹೋಗಿ "ಆರ್ಟ್ಸ್‌ನವರಿಗೆ ಏನಾದ್ರೂ ಕೆಲಸ ಇದೆಯಾ?" ಅಂತ ಕೇಳಿದೆ. ಎಲ್ಲ ಕಡೆಯೂ ಒಂದೇ ಉತ್ತರ, "ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ." ತುಂಬಾ ಬೇಜಾರಾಗಿತ್ತು. ಆಮೇಲೆ ಅರ್ಥ ಆಯಿತು, ಆ ಪ್ರಶ್ನೆಗೆ ಅವರು ಬೇರೇನೂ ಹೇಳುವ ಹಾಗಿರಲಿಲ್ಲ. ಯಾವ ಕಂಪನಿಯಲ್ಲೂ ಆರ್ಟ್ಸ್ ಅನ್ನುವ ವಿಭಾಗ ಇರುವುದಿಲ್ಲ. ನಮ್ಮಂಥವರು ಬೇರೆ ಬೇರೆ ಹೆಸರಿನ ಕೆಲಸಗಳಲ್ಲಿ ಹರಡಿಕೊಂಡಿರುತ್ತಾರೆ. ಆ ಹೆಸರುಗಳನ್ನು ತಿಳಿದುಕೊಳ್ಳಲು ಮೇಳಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಮುಂದಿನ ವರ್ಷ ಪ್ರಶ್ನೆ ಬದಲಾಯಿಸಿದೆ. "ನಿಮ್ಮಲ್ಲಿ ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಓದಿದವರು ಯಾರಾದರೂ ಇದ್ದಾರಾ? ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಕೆಲಸ ಮಾಡುತ್ತಾರೆ?" ಅಂತ ಕೇಳಿದೆ. ಸ್ಟಾಲ್‌ನಲ್ಲಿದ್ದವರು ನಿಂತು ಯೋಚನೆ ಮಾಡಿದರು. ಬ್ಯಾಂಕಿನವರು ಕಂಪ್ಲೈಯನ್ಸ್ ತಂಡದ ಬಗ್ಗೆ ಹೇಳಿದರು. ಯಾವ ದೇಶದ ಮೇಲೆ ಯಾವ ನಿರ್ಬಂಧ ಇದೆ, ಈ ಗ್ರಾಹಕರ ದಾಖಲೆ ಸರಿ ಇದೆಯಾ ಅಂತ ಓದಿ, ಪರಿಶೀಲಿಸಿ, ವರದಿ ಬರೆಯುವ ಕೆಲಸ. ಅಲ್ಲಿ ರಾಜ್ಯಶಾಸ್ತ್ರದವರು ಇದ್ದರಂತೆ. ಔಷಧ ಕಂಪನಿಯವರು, ಮಾತ್ರೆ ಪೆಟ್ಟಿಗೆಯೊಳಗಿನ ಚೀಟಿಯನ್ನು ರೋಗಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವ ತಂಡದ ಬಗ್ಗೆ ಹೇಳಿದರು. ಯೂಸರ್ ರಿಸರ್ಚ್ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಅವತ್ತೇ. ಜನರ ಪಕ್ಕ ಕೂತು, ಅವರು ಒಂದು ಆ್ಯಪ್ ಅಥವಾ ಸಾಧನವನ್ನು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ನೋಡಿ ಬರೆಯುವುದು. ನಾವು ಕ್ಷೇತ್ರಕಾರ್ಯದಲ್ಲಿ ಮಾಡುವುದೂ ಅದನ್ನೇ ಅಲ್ವಾ? ಈಗ ನನ್ನ ಕೆಲಸ ಅದು. ಇದೇನು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಮಾನವಶಾಸ್ತ್ರ ಓದಿದ ಜೆನೆವೀವ್ ಬೆಲ್ 1998ರಲ್ಲೇ ಇಂಟೆಲ್ ಸೇರಿದ್ದರು. ಬೇರೆ ಬೇರೆ ದೇಶಗಳ ಜನರ ಬದುಕಿನಲ್ಲಿ ತಂತ್ರಜ್ಞಾನ ಹೇಗೆ ಬೆರೆಯುತ್ತದೆ ಅಂತ ಹೋಗಿ ನೋಡುವುದು ಅವರ ಕೆಲಸವಾಗಿತ್ತು.

ನಿಮ್ಮ ಗೆಳತಿಯರ ಮಾತಿಗೂ ಒಂದು ಉತ್ತರ ಇದೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರು ನಿಮಗೆ ಎಷ್ಟು ಸಲ ಸಿಗುತ್ತಿದ್ದರು ಅಂತ ಅವರು ಕೇಳಿದ್ದರು. ಆಗಾಗ ಸಿಗುತ್ತಿದ್ದರು ಅಂದವರು ಶೇ. 16.7 ಮಾತ್ರ. ಉಳಿದವರಿಗೆ ಸುದ್ದಿ ಬಂದಿದ್ದು ಯಾವಾಗಲೋ ಒಮ್ಮೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಮೇಳದಲ್ಲಿ ಸಿಗುವವರು ಅಂಥ ದೂರದವರೇ.

ನೇಮಕಾತಿ ಕೆಲಸದಲ್ಲಿರುವವರು:
ನಾನು ಸ್ಟಾಲ್‌ನ ಆ ಕಡೆ ಕೂರುವವನು. ಒಬ್ಬೊಬ್ಬರ ಜೊತೆ ಮಾತಾಡಲು ನಮಗೆ ಸಿಗುವುದು ಎರಡು ಮೂರು ನಿಮಿಷ. "ಸಂವಹನ ಕೌಶಲ ಚೆನ್ನಾಗಿದೆ, ತಂಡದಲ್ಲಿ ಕೆಲಸ ಮಾಡಬಲ್ಲೆ" ಅಂತ ದಿನಕ್ಕೆ ನೂರು ಜನ ಹೇಳುತ್ತಾರೆ. ಒಂದೂ ನೆನಪಿರುವುದಿಲ್ಲ. ಒಬ್ಬ ಸಾಹಿತ್ಯದ ವಿದ್ಯಾರ್ಥಿನಿ ಮಾತ್ರ ಇವತ್ತಿಗೂ ನೆನಪಿದ್ದಾಳೆ. "ಕಾಲೇಜು ಪತ್ರಿಕೆಗೆ ನಲವತ್ತು ಲೇಖನ ತಿದ್ದಿದ್ದೇನೆ. ಬರೆದವರ ಜೊತೆ ಜಗಳ ಆಗದ ಹಾಗೆ ನೋಡಿಕೊಂಡೆ. ಮುದ್ರಣದ ದಿನ ಒಂದು ಸಲವೂ ತಪ್ಪಿಲ್ಲ" ಅಂದಳು. ಅದು ಕೆಲಸದ ಭಾಷೆ. ನೀವು ಓದಿದ ವಿಷಯದ ಹೆಸರಿಗಿಂತ, ಆ ವಿಷಯ ಓದುತ್ತಾ ಕೈಯಾರೆ ಏನು ಮಾಡಿದಿರಿ ಅನ್ನುವುದನ್ನು ಹೇಳಿ.

ಸ್ಟಾಲ್‌ನಲ್ಲಿ ಎಚ್‌ಆರ್‌ನವರ ಜೊತೆ ಬೇರೆ ತಂಡದವರೂ ಒಬ್ಬಿಬ್ಬರು ಇರುತ್ತಾರೆ. "ನೀವು ಯಾವ ತಂಡದಲ್ಲಿದ್ದೀರಿ?" ಅಂತ ಮೊದಲೇ ಕೇಳಿ. ನಿಜವಾದ ಕೆಲಸ ಹೇಗಿರುತ್ತದೆ ಅಂತ ಹೇಳುವವರು ಅವರು. ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಬನ್ನಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ಗಂಟಲೂ ಒಣಗಿರುತ್ತದೆ, ತಾಳ್ಮೆಯೂ ಕಡಿಮೆಯಾಗಿರುತ್ತದೆ. ನಿಮಗೆ ಬಹಳ ಇಷ್ಟವಾದ ಕಂಪನಿಗೆ ನೇರವಾಗಿ ಹೋಗಬೇಡಿ. ಬೇರೆ ಎರಡು ಕಡೆ ಮಾತಾಡಿ, ನಾಲಿಗೆ ಸಡಿಲವಾದ ಮೇಲೆ ಹೋಗಿ.

ಇನ್ನೊಂದು ಮಾತು. ಬಹುರಾಷ್ಟ್ರೀಯ ಕಂಪನಿ ಅಂದ ಕೂಡಲೇ ಹೊರದೇಶದ ಕೆಲಸ ಅಂತ ಅಲ್ಲ. ಎಷ್ಟೋ ಸಲ ನಾವು ಜನ ಹುಡುಕುವುದು ಅದೇ ಊರಿನ ಕಚೇರಿಗೆ. ಕೆಲಸ ಯಾವ ಊರಿನಲ್ಲಿ, ಹೊರದೇಶದಲ್ಲಾದರೆ ವರ್ಕ್ ಪರ್ಮಿಟ್ ಕಂಪನಿಯೇ ಮಾಡಿಸಿಕೊಡುತ್ತದಾ ಅಂತ ನೇರವಾಗಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಮಾತಾಡಿ ಈಚೆ ಬಂದ ತಕ್ಷಣ ಹೆಸರು, ತಂಡ, ಅವರು ಹೇಳಿದ ಒಂದು ವಿಷಯ ಬರೆದಿಟ್ಟುಕೊಳ್ಳಿ. ಎರಡು ದಿನದೊಳಗೆ ನಾಲ್ಕು ಸಾಲಿನ ಮೇಲ್ ಕಳಿಸಿ. ಅದರಲ್ಲಿ ಆ ಒಂದು ವಿಷಯ ಇರಲಿ. ಸುಮ್ನೆ "ಭೇಟಿಯಾಗಿ ಖುಷಿಯಾಯಿತು" ಅಂತ ಬರೆದರೆ ಯಾರು ಬರೆದಿದ್ದು ಅಂತಲೇ ನಮಗೆ ಗೊತ್ತಾಗುವುದಿಲ್ಲ.

ಭಾಷೆ ಓದಿದವರು:
ಎರಡನೇ ಭಾಷೆ ಬರುತ್ತಿದ್ದರೆ "ಫ್ರೆಂಚ್ ಗೊತ್ತು" ಅಂತ ಬರೆಯಬೇಡಿ. ಹಂತ ಬರೆಯಿರಿ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ವರೆಗೆ ಆರು ಹಂತ ಇವೆ. ಜಪಾನಿ ಭಾಷೆಗೆ ಎನ್5ರಿಂದ ಎನ್1. ಯಾವ ದೇಶದ ಕಚೇರಿಯವರಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಲೋಕಲೈಸೇಶನ್ ತಂಡ ಇದೆಯಾ ಅಂತಲೂ ಕೇಳಿ. ಆ್ಯಪ್, ಆಟ, ಕೈಪಿಡಿಗಳನ್ನು ಬೇರೆ ಭಾಷೆಗೆ ಒಗ್ಗಿಸುವ ಕೆಲಸ ಅದು. ನನಗೆ ಮೊದಲ ಇಂಟರ್ನ್‌ಶಿಪ್ ಸಿಕ್ಕಿದ್ದು ಈ ಒಂದು ಪ್ರಶ್ನೆಯಿಂದ.

ತತ್ವಶಾಸ್ತ್ರ ಓದಿದವರು:
ನನಗೆ ಮೂರು ಮೇಳದಲ್ಲೂ ಕೆಲಸ ಸಿಗಲಿಲ್ಲ. ಅದನ್ನೂ ಹೇಳಬೇಕು ಅನ್ನಿಸಿತು. ಒಂದು ಕಡೆಯಂತೂ ಏಜೆನ್ಸಿಯವರೊಬ್ಬರು "ಹೊರದೇಶದ ಕೆಲಸ ಖಚಿತ, ಮೊದಲು ನೋಂದಣಿ ಹಣ ಕಟ್ಟಿ" ಅಂದರು. ಕಟ್ಟಿದೆ. ಆಮೇಲೆ ಅವರ ಫೋನ್ ಹತ್ತಲೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಪ್ಪಂದದಲ್ಲಿ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸ ಹುಡುಕುವವರಿಂದ ಶುಲ್ಕ ಪಡೆಯಬಾರದು ಅನ್ನುವುದೇ ಮೂಲ ನಿಯಮ. ಎಲ್ಲ ದೇಶಗಳೂ ಅದನ್ನು ಒಪ್ಪಿಕೊಂಡಿಲ್ಲ. ಆದರೂ ಹಣ ಕೇಳಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗುವುದು ಅಂತ ತೀರ್ಮಾನ ಮಾಡಿದೆ. ಹೀಗೆ ಪರಿಚಯ ಹೇಳಿಕೊಳ್ಳಲಾ? "ನಮಸ್ಕಾರ, ನಾನು ಇತಿಹಾಸದ ವಿದ್ಯಾರ್ಥಿನಿ. ಓದುವುದು, ಬರೆಯುವುದು ಅಂದರೆ ನನಗೆ ಇಷ್ಟ. ಯಾವ ಕೆಲಸವಾದರೂ ಬೇಗ ಕಲಿಯುತ್ತೇನೆ." ಪ್ರಾಜೆಕ್ಟ್‌ಗೆ 1918ರ ಇನ್‌ಫ್ಲುಯೆಂಜಾ ಕಾಲದ ಆಸ್ಪತ್ರೆ ರಿಜಿಸ್ಟರ್‌ಗಳನ್ನು ಓದಿ, ಆರು ನೂರು ರೋಗಿಗಳ ವಿವರವನ್ನು ಎಕ್ಸೆಲ್‌ನಲ್ಲಿ ಹಾಕಿದ್ದೆ. ಅದೆಲ್ಲ ಕಂಪನಿಯವರಿಗೆ ಬೇಡ ಅಂತ ಬಿಟ್ಟಿದ್ದೇನೆ.

ಸಮಾಜಶಾಸ್ತ್ರ ಓದಿದವರು:
ಅಯ್ಯೋ, ಹೇಳಬೇಕಾದದ್ದೇ ಅದು! ಹೀಗೆ ಹೇಳಿ ನೋಡಿ: "ನೂರು ವರ್ಷ ಹಳೆಯ ಆಸ್ಪತ್ರೆ ರಿಜಿಸ್ಟರ್‌ಗಳ ಕೈಬರಹ ಓದಿ, ಆರು ನೂರು ರೋಗಿಗಳ ದಾಖಲೆಯನ್ನು ಒಂದು ಪಟ್ಟಿಗೆ ತಂದಿದ್ದೇನೆ. ತಾಳೆಯಾಗದ ಮಾಹಿತಿ ಎಲ್ಲಿದೆ ಅಂತ ಗುರುತಿಸಿದ್ದೇನೆ. ನಿಮ್ಮಲ್ಲಿ ದಾಖಲೆಗಳನ್ನು ಹೀಗೆ ಪರಿಶೀಲಿಸುವ ತಂಡ ಯಾವುದು?" ಔಷಧ ಕಂಪನಿಯಲ್ಲೂ ಕೇಳಿ, ಬ್ಯಾಂಕಿನಲ್ಲೂ ಕೇಳಿ. ಆ ಎಕ್ಸೆಲ್‌ನ ಒಂದು ಪುಟ ಪ್ರಿಂಟ್ ಮಾಡಿಸಿ ರೆಸ್ಯೂಮೆ ಜೊತೆ ಇಟ್ಟುಕೊಳ್ಳಿ. ರೋಗಿಗಳ ಹೆಸರಿನ ಕಾಲಂ ಮಾತ್ರ ತೆಗೆದುಬಿಡಿ. ಯಾಕೆ ತೆಗೆದಿರಿ ಅಂತ ಕೇಳಿದರೆ, ಅದನ್ನೂ ವಿವರಿಸಿ.